ಅಳಿಯಕಟ್ಟಿನ ಮನೆ: ತುಳುನಾಡಿನ ಕುಟುಂಬದಲ್ಲಿ ವಯಸ್ಸು, ವಾಸ ಮತ್ತು ಹಕ್ಕು

1949ರ ಮದರಾಸು ಅಳಿಯಸಂತಾನ ಕಾಯಿದೆಯಲ್ಲಿ ಎರಡು ಪಾರಿಭಾಷಿಕ ಪದಗಳಿವೆ: ‘ಸಂತತಿ ಕವರು’ ಮತ್ತು ‘ನಿಸ್ಸಂತತಿ ಕವರು’. ಐವತ್ತು ವರ್ಷ ತುಂಬದ ಒಬ್ಬ ಹೆಣ್ಣಾದರೂ ಇರುವ ಕವರು ಸಂತತಿ ಕವರು. ಹಾಗಲ್ಲದ್ದು ನಿಸ್ಸಂತತಿ ಕವರು. ಈ ವ್ಯಾಖ್ಯೆಯ ಪ್ರಕಾರ ಐವತ್ತೆರಡು ವರ್ಷದ ತಾಯಿ, ದೃಢಕಾಯರಾದ ಆಕೆಯ ಮೂವರು ಗಂಡುಮಕ್ಕಳು, ಇವರೆಲ್ಲ ಸೇರಿದ ಕವರು ‘ನಿಸ್ಸಂತತಿ’. ಆ ಗಂಡುಮಕ್ಕಳಿಗೆ ಮದುವೆಯಾಗಿ ಮನೆತುಂಬ ಮಕ್ಕಳಿದ್ದರೂ ಅದು ನಿಸ್ಸಂತತಿಯೇ. ಮಕ್ಕಳಿರುವವರನ್ನು ಸಂತತಿಯಿಲ್ಲದವರೆಂದು ಕರೆಯುವ ಈ ವಿಚಿತ್ರವು ಕಾನೂನು ರಚಿಸಿದವರ ಅನವಧಾನದಿಂದ ಆದದ್ದಲ್ಲ. ಶತಮಾನಗಳಿಂದ ತುಳುನಾಡಿನ ಮನೆಯೊಂದು ತನ್ನ ಸದಸ್ಯರನ್ನು ಎಣಿಸುತ್ತಿದ್ದ ಕ್ರಮವೇ ಅಂಥದ್ದು. ಒಂದು ಸೂರಿನಡಿ ಯಾರು ವಾಸಿಸುತ್ತಾರೆ ಎಂಬುದು ಒಂದು ಲೆಕ್ಕ. ಆ ಸೂರು ಯಾರದು ಎಂಬುದು ಇನ್ನೊಂದು ಲೆಕ್ಕ. ಇವೆರಡೂ ಅಲ್ಲಿ ಒಂದಾಗಿರಲಿಲ್ಲ.

ಅಳಿಯಸಂತಾನವನ್ನು ಕುರಿತ ಬರಹಗಳು ಸಾಮಾನ್ಯವಾಗಿ ಆಸ್ತಿಯ ಉತ್ತರಾಧಿಕಾರವನ್ನಷ್ಟೇ ಚರ್ಚಿಸಿ ನಿಲ್ಲುತ್ತವೆ. ವಾಸದ ಪ್ರಶ್ನೆ ಹಿಂದೆ ಸರಿಯುತ್ತದೆ. ಬಾಲ್ಯ, ಯೌವನ, ದಾಂಪತ್ಯ, ವೈಧವ್ಯ, ಮುಪ್ಪು ಎಂಬ ಆಯುಷ್ಯದ ಒಂದೊಂದು ಘಟ್ಟದಲ್ಲಿ ಒಬ್ಬ ಹೆಣ್ಣು ಅಥವಾ ಒಬ್ಬ ಗಂಡು ಎಲ್ಲಿ ಉಣ್ಣುತ್ತಿದ್ದರು, ಯಾರ ಮಾತಿನಡಿ ಬಾಳುತ್ತಿದ್ದರು, ಕೊನೆಯ ದಿನಗಳನ್ನು ಯಾರ ಮನೆಯಲ್ಲಿ ಕಳೆಯುತ್ತಿದ್ದರು ಎಂಬುದನ್ನು ಕೇಳಿದರೆ ಈ ಪದ್ಧತಿಯ ಬೇರೊಂದು ಮುಖ ಕಾಣುತ್ತದೆ. ಅದರಲ್ಲಿ ಹೆಣ್ಣಿಗೆ ದೊರೆತ ಆಸರೆಯೂ ಇದೆ, ತಂದೆಮಕ್ಕಳ ನಡುವಿನ ತೀರದ ಬೇಗೆಯೂ ಇದೆ.

ಮೊದಲಿಗೆ ಕೆಲವು ಮಾತುಗಳ ಅರ್ಥ ಸ್ಪಷ್ಟವಾಗಬೇಕು. ಒಬ್ಬ ಮೂಲಸ್ತ್ರೀಯಿಂದ ಹೆಣ್ಣುಗಳ ಮೂಲಕವೇ ಇಳಿದುಬಂದವರೆಲ್ಲ ಸೇರಿ ಒಂದು ಕುಟುಂಬ. ಅದರೊಳಗೆ ಒಬ್ಬ ಹೆಣ್ಣು, ಆಕೆಯ ಮಕ್ಕಳು ಮತ್ತು ಆಕೆಯ ಹೆಣ್ಣುಮಕ್ಕಳ ಸಂತಾನ ಸೇರಿ ಒಂದು ಕವರು, ಎಂದರೆ ಕವಲು. ಗಂಡಸಿಗೆ ತನ್ನದೇ ಕವರು ಇಲ್ಲ. ಅವನು ತಾಯಿಯ ಕವರಿಗೆ ಸೇರಿದವನು. ಕುಟುಂಬಗಳಿಗಿಂತ ಮೇಲಿನ ದೊಡ್ಡ ಗುಂಪು ‘ಬರಿ’ ಅಥವಾ ಬಳಿ. ಅದೂ ತಾಯಿಯಿಂದ ಬರುವಂಥದು, ಒಂದೇ ಬರಿಯವರೊಳಗೆ ಮದುವೆಯಿಲ್ಲ. ಕುಟುಂಬದ ಆಡಳಿತ ಹಿರಿಯನಾದ ಯಜಮಾನನದು. ಹಿರಿಯ ಹೆಂಗಸು ಯಜಮಾನ್ತಿಯಾಗಿ ಆಡಳಿತ ವಹಿಸುವುದೂ ಅಂಗೀಕೃತವೇ. ಬಂಟರು, ಬಿಲ್ಲವರು, ಮೊಗವೀರರು ಹಾಗೂ ಇಲ್ಲಿನ ಜೈನರಲ್ಲಿ ಬಹುಪಾಲು ಜನ ಈ ಕಟ್ಟಿಗೆ ಒಳಪಟ್ಟವರು. ಬ್ರಾಹ್ಮಣರು ಮಕ್ಕಳಕಟ್ಟಿನವರು, ಜೈನರಲ್ಲಿ ಪೌರೋಹಿತ್ಯ ನಡೆಸುವ ಇಂದ್ರರೂ ಮಕ್ಕಳಕಟ್ಟಿನವರೇ. ಒಂದೇ ಬಸದಿಯಲ್ಲಿ ಪೂಜೆ ಮಾಡುವವನ ಆಸ್ತಿ ಮಗನಿಗೆ, ಪೂಜೆ ಮಾಡಿಸುವವನ ಆಸ್ತಿ ಸೋದರಳಿಯನಿಗೆ. ಧರ್ಮ ಒಂದಾದರೂ ಮನೆಯ ಕಟ್ಟು ಎರಡಾಗಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ಹೇಮಚಂದ್ರನ ಹೆಸರಿನಲ್ಲಿರುವ ‘ಅರ್ಹನ್ನೀತಿ’ಯಂತಹ ಜೈನ ವ್ಯವಹಾರಗ್ರಂಥಗಳು ಗಂಡನ ಆಸ್ತಿಯಲ್ಲಿ ಪತ್ನಿಗೆ ಪ್ರಮುಖ ಸ್ಥಾನ ಕೊಡುತ್ತವೆ, ಅಳಿಯಸಂತಾನದ ಸುಳಿವು ಅವುಗಳಲ್ಲಿಲ್ಲ. ತುಳುನಾಡಿನ ಜೈನರು ಗ್ರಂಥವನ್ನಲ್ಲ, ನೆಲದ ಕಟ್ಟನ್ನು ಅನುಸರಿಸಿದರು.

‘ಅಳಿಯ’ ಎಂಬ ಶಬ್ದವೇ ಸಂಶೋಧಕರಿಗೆ ಒಂದು ಎಚ್ಚರಿಕೆ. ಕನ್ನಡದಲ್ಲಿ ಸೋದರಿಯ ಮಗನೂ ಅಳಿಯ, ಮಗಳ ಗಂಡನೂ ಅಳಿಯ. ವಿಜಯನಗರದ ಅಳಿಯ ರಾಮರಾಯ ಕೃಷ್ಣದೇವರಾಯನ ಮಗಳ ಗಂಡ. ಅಲ್ಲಿ ಅಳಿಯಸಂತಾನದ ಮಾತೇ ಇಲ್ಲ. ಶಾಸನದಲ್ಲಿ ‘ಅಳಿಯ’ ಎಂದು ಕಂಡೊಡನೆ ಮಾತೃವಂಶವನ್ನು ಊಹಿಸುವುದು ತಪ್ಪಾದೀತು. ಹಾಗೆಯೇ ರಾಣಿಯೊಬ್ಬಳು ಆಳಿದಳೆಂಬ ಕಾರಣಕ್ಕೆ ಅಳಿಯಕಟ್ಟನ್ನು ಕಾಣುವುದೂ ಸರಿಯಲ್ಲ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಬಾರಕೂರಿನಿಂದ ಆಳಿದ ಆಳುಪರ ಬಲ್ಲಮಹಾದೇವಿ ಆ ಅಧಿಕಾರಕ್ಕೆ ಬಂದದ್ದು ವೀರಪಾಂಡ್ಯನ ರಾಣಿಯಾಗಿ. ಎರಡು ಅರ್ಥಗಳೂ ಒಂದೇ ಶಬ್ದದಲ್ಲಿ ಕೂಡಿರುವುದಕ್ಕೆ ಸಾಮಾಜಿಕ ಕಾರಣವಂತೂ ಉಂಟು: ಸೋದರಮಾವನ ಮಗಳನ್ನು ವರಿಸುವ ವಾಡಿಕೆಯಿದ್ದಲ್ಲಿ ಸೋದರಿಯ ಮಗನೇ ಮಗಳ ಗಂಡನೂ ಆಗುತ್ತಾನೆ. ಈ ವಾಡಿಕೆ ಅಳಿಯಕಟ್ಟಿನ ಮನೆಯಲ್ಲಿ ಎಂತಹ ಕೆಲಸ ಮಾಡಿತೆಂಬುದನ್ನು ಮುಂದೆ ನೋಡಬಹುದು.

ಶಾಸನಗಳ ಆಧಾರ ಗಟ್ಟಿಯಾಗುವುದು ಜೈನ ಅರಸುಮನೆತನಗಳ ಕಾಲಕ್ಕೆ. ಕಾರ್ಕಳದ ಚತುರ್ಮುಖ ಬಸದಿಯನ್ನು 1586ರಲ್ಲಿ ಕಟ್ಟಿಸಿದ ಇಮ್ಮಡಿ ಭೈರರಸನ ಪರಿಚಯ ಅಲ್ಲಿನ ಶಾಸನದಲ್ಲಿ ಹೀಗಿದೆ: ಅವನು ಹಿರಿಯ ಭೈರವನ ಸೋದರಿ ಗುಮ್ಮಟಾಂಬೆಯ ಮಗ, ತಂದೆ ವೀರನರಸಿಂಹ ವಂಗನರೇಂದ್ರ. ವಂಗ ಎಂದರೆ ಬಂಗ. ತಂದೆ ಬಂಗರ ಅರಸನಾದರೂ ಮಗ ಏರಿದ್ದು ಬಂಗರ ಪಟ್ಟವನ್ನಲ್ಲ, ಸೋದರಮಾವನ ಕಾರ್ಕಳದ ಪಟ್ಟವನ್ನು. ತಂದೆಯ ಹೆಸರನ್ನು ಮರೆಮಾಚಿಲ್ಲ, ಗೌರವದಿಂದಲೇ ಕೆತ್ತಲಾಗಿದೆ. ಆದರೆ ಹಕ್ಕು ಹರಿದುಬಂದ ದಾರಿ ಬೇರೆ. ವೇಣೂರಿನಲ್ಲಿ 1604ರಲ್ಲಿ ಬಾಹುಬಲಿಯ ವಿಗ್ರಹವನ್ನು ನಿಲ್ಲಿಸಿದ ತಿಮ್ಮರಾಜ ಅಜಿಲನನ್ನೂ ಶಾಸನವು ಪಾಂಡ್ಯಕದೇವಿಯ ಮಗನೆಂದು, ಪಾಂಡ್ಯನ ತಮ್ಮನೆಂದು, ರಾಯಕುವರನ ಅಳಿಯನೆಂದು ಗುರುತಿಸುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, 1432ರಲ್ಲಿ ಕಾರ್ಕಳದ ಬಾಹುಬಲಿಯನ್ನು ಸ್ಥಾಪಿಸಿದ ವೀರಪಾಂಡ್ಯ ತನ್ನನ್ನು ಭೈರವೇಂದ್ರನ ಮಗನೆಂದು ಹೇಳಿಕೊಳ್ಳುತ್ತಾನೆ. ಈ ಒಂದೂವರೆ ಶತಮಾನದ ಅಂತರದಲ್ಲಿ ಘಟ್ಟದ ಮೇಲಿನ ಕಳಸದ ಮನೆತನ ಕರಾವಳಿಯ ಕಟ್ಟಿಗೆ ಒಗ್ಗಿಕೊಂಡಿತೆಂದು ಭಾವಿಸಲು ಅವಕಾಶವಿದೆ. ಮಗ ಎಂಬ ಗುರುತು ಪಟ್ಟದ ಹಕ್ಕನ್ನೇ ಸೂಚಿಸಬೇಕೆಂದಿಲ್ಲವಾದ್ದರಿಂದ ಅದನ್ನು ತೀರ್ಮಾನವೆನ್ನುವುದು ಮಾತ್ರ ಅವಸರವಾದೀತು.

ಇಲ್ಲೊಂದು ಪ್ರಾಸಂಗಿಕ ಮಾತು. ಭರತ ಬಾಹುಬಲಿಯರ ಕಥೆ ತಂದೆಯ ರಾಜ್ಯವನ್ನು ಗಂಡುಮಕ್ಕಳು ಹಂಚಿಕೊಂಡ ಕಥೆ. ವೃಷಭನಾಥ ತನ್ನ ನೆಲವನ್ನು ಮಕ್ಕಳಿಗೆ ಪಾಲುಮಾಡಿಕೊಟ್ಟು ತಪಸ್ಸಿಗೆ ಹೋದದ್ದರಿಂದಲೇ ಅಣ್ಣತಮ್ಮಂದಿರ ಕಾಳಗಕ್ಕೆ ಬೀಜ ಬಿತ್ತು. ಪಂಪನ ‘ಆದಿಪುರಾಣ’ದ ಎತ್ತರವೂ ಮೂಡುಬಿದಿರೆಯ ರತ್ನಾಕರವರ್ಣಿಯ ‘ಭರತೇಶ ವೈಭವ’ದ ಸೊಗಸೂ ನಿಂತಿರುವುದು ಈ ಮಕ್ಕಳಕಟ್ಟಿನ ತಳಹದಿಯ ಮೇಲೆ. ತಂದೆಯ ನೆಲ ಮಗನಿಗೆ ಬಾರದ ನಾಡಿನಲ್ಲಿ, ತಂದೆಯ ನೆಲಕ್ಕಾಗಿ ಕಾದಿ ಗೆದ್ದು ಅದನ್ನೇ ತೊರೆದವನ ವಿಗ್ರಹಗಳು ಎದ್ದು ನಿಂತವು. ರತ್ನಾಕರನ ಕೇಳುಗರಲ್ಲಿ ಅಳಿಯಕಟ್ಟಿನ ಶ್ರಾವಕರು ಎಷ್ಟೋ ಮಂದಿ ಇದ್ದಿರಬೇಕು. ಅವರಿಗೆ ಆ ಅಣ್ಣತಮ್ಮಂದಿರ ಜಗಳ ಹೇಗೆ ಕೇಳಿಸಿತೋ ಎಂಬ ಕುತೂಹಲ ಸಹಜ.

ಪದ್ಧತಿಯ ಮೂಲವನ್ನು ಹೇಳುವ ಭೂತಾಳಪಾಂಡ್ಯನ ಕಥೆ ಎಲ್ಲರಿಗೂ ಪರಿಚಿತ. ದೇವಪಾಂಡ್ಯನ ಹಡಗುಗಳ ಸಲುವಾಗಿ ಕುಂಡೋದರನೆಂಬ ಭೂತ ನರಬಲಿ ಕೇಳುತ್ತದೆ. ಅರಸನ ಹೆಂಡತಿ ತನ್ನ ಮಕ್ಕಳನ್ನು ಕೊಡಲಾರೆನೆನ್ನುತ್ತಾಳೆ. ತಂಗಿ ಸತ್ಯವತಿ ತನ್ನ ಮಗ ಜಯಪಾಂಡ್ಯನನ್ನು ಒಪ್ಪಿಸುತ್ತಾಳೆ. ಮೆಚ್ಚಿದ ಕುಂಡೋದರ ಬಲಿಯನ್ನು ಬಿಟ್ಟು ಅವನನ್ನೇ ಭೂತಾಳಪಾಂಡ್ಯನೆಂದು ಪಟ್ಟಕ್ಕೇರಿಸಿ, ಇನ್ನು ಮೇಲೆ ಆಸ್ತಿ ಅಳಿಯಂದಿರಿಗೆ ಹೋಗಲೆಂದು ಕಟ್ಟು ಮಾಡುತ್ತಾನೆ. ‘ಅಳಿಯಸಂತಾನದ ಕಟ್ಟುಕಟ್ಟಳೆ’ ಎಂಬ ಹೆಸರಿನಲ್ಲಿ ಪ್ರಚಾರಕ್ಕೆ ಬಂದ ಬರಹ ಇದನ್ನು ಶಾಲಿವಾಹನ ಶಕೆಯ ಆರಂಭಕ್ಕೇ ಒಯ್ದು ನಿಲ್ಲಿಸುತ್ತದೆ. ಎ. ಸಿ. ಬರ್ನೆಲ್ ಈ ಕೃತಿಯ ಪ್ರಾಚೀನತೆಯನ್ನು ಒಪ್ಪದೆ ಇದೊಂದು ಕೂಟಸೃಷ್ಟಿ ಎಂದೇ ಭಾವಿಸಿದ. ಕೃತಿ ಈಚಿನದೆಂಬುದರಲ್ಲಿ ಸಂಶಯಕ್ಕೆ ಹೆಚ್ಚು ಎಡೆಯಿಲ್ಲ. ಆದರೆ ಕಥೆಯ ಒಳತರ್ಕವನ್ನು ತಳ್ಳಿಹಾಕುವಂತಿಲ್ಲ. ಒಂದೇ ಮನೆಯಲ್ಲಿ ಹೆಂಡತಿ ಮತ್ತು ತಂಗಿ ಇಬ್ಬರೂ ಇದ್ದಾರೆ. ಕಷ್ಟ ಬಂದಾಗ ಮನೆಗೆ ಒದಗುವವಳು ತಂಗಿ. ಹೆಂಡತಿ ಅಲ್ಲಿ ವಾಸಿಸುವವಳು, ತಂಗಿ ಅಲ್ಲಿಗೆ ಸೇರಿದವಳು. ಮಗುವನ್ನು ಬಲಿಗೆ ಕೊಡಲೊಪ್ಪದ ತಾಯಿಯನ್ನು ತಪ್ಪಿತಸ್ಥಳನ್ನಾಗಿ ಮಾಡುವ ಈ ಕಥೆ ನ್ಯಾಯವಾದದ್ದೇನೂ ಅಲ್ಲ. ಆದರೆ ವಾಸಕ್ಕೂ ಹಕ್ಕಿಗೂ ನಡುವಿನ ಬಿರುಕನ್ನು ಅದು ಚೆನ್ನಾಗಿ ಬಲ್ಲದು.

ಆ ಬಿರುಕು ದಿನನಿತ್ಯದ ಬಾಳಿನಲ್ಲಿ ಹೇಗಿತ್ತು? ಮಲೆಯಾಳದ ನಾಯರ್ ತರವಾಡುಗಳಲ್ಲಿ ಹೆಂಡತಿ ತನ್ನ ತಾಯಮನೆಯಲ್ಲೇ ಉಳಿದು, ಗಂಡ ಬಂದುಹೋಗುವವನಾಗಿದ್ದ ಕಾಲವಿತ್ತು. ತುಳುನಾಡಿನ ಬಂಟರಲ್ಲಿ, ಜೈನರಲ್ಲಿ ಹಾಗಲ್ಲ. ಮದುವೆಯಾದ ಹೆಣ್ಣು ಗಂಡನ ಮನೆಗೇ ಹೋಗುತ್ತಿದ್ದಳು, ಅಲ್ಲೇ ಬಾಳುತ್ತಿದ್ದಳು. ಎರಡನ್ನೂ ‘ಮಾತೃಮೂಲ’ ಎಂಬ ಒಂದೇ ಹೆಸರಿನಡಿ ಸೇರಿಸುವಾಗ ಈ ವ್ಯತ್ಯಾಸ ಮರೆತುಹೋಗುತ್ತದೆ. ‘ಮಾತೃಪ್ರಧಾನ’ ಎಂದು ಕರೆಯುವುದಂತೂ ಸಲ್ಲದು, ಏಕೆಂದರೆ ಆಡಳಿತ ಹೆಚ್ಚಾಗಿ ಮಾವಂದಿರ ಕೈಯಲ್ಲೇ ಇತ್ತು. ಗಂಡನ ಮನೆಯಲ್ಲಿ ಹುಟ್ಟಿ ಬೆಳೆದ ಮಗು ಆ ಮನೆಯದಲ್ಲ. ಗುತ್ತಿನ ಚಾವಡಿಯಲ್ಲಿ ಆಡುವ ಹತ್ತು ಮಕ್ಕಳಲ್ಲಿ ಯಜಮಾನನ ಸ್ವಂತ ಮಕ್ಕಳು ಅತಿಥಿಗಳು. ಆಗಾಗ ಬಂದುಹೋಗುವ ಅವನ ತಂಗಿಯ ಮಕ್ಕಳು ಒಡೆಯರು. ಹೀಗೆ ಒಂದು ದೊಡ್ಡ ಮನೆಯಲ್ಲಿ ಸದಾ ಎರಡು ಬಗೆಯ ವಯಸ್ಕರಿದ್ದರು: ಹುಟ್ಟಿನಿಂದ ಆ ಮನೆಗೆ ಸೇರಿದ ಗಂಡಸರು, ವಿಧವೆಯರು, ಮದುವೆ ಮುರಿದು ಬಂದ ಹೆಣ್ಣುಗಳು, ಮದುವೆಯಿಂದ ಅಲ್ಲಿಗೆ ಬಂದ ಹೆಂಡತಿಯರು ಮತ್ತು ಅವರ ಮಕ್ಕಳು. ಇನ್ನು ಆ ಮನೆಗೆ ಸೇರಿದ ಸುಮಂಗಲೆಯರು ಬೇರೆ ಬೇರೆ ಮನೆಗಳಲ್ಲಿ ಹರಡಿಕೊಂಡಿದ್ದರು. ಮನೆಯ ಭವಿಷ್ಯ ಯಾರ ಗರ್ಭದಲ್ಲಿತ್ತೋ ಅವರೇ ಮನೆಯಲ್ಲಿಲ್ಲ.

ತರುಣನಾದ ಗಂಡುಮಗನ ಸ್ಥಿತಿ ಇದರಲ್ಲಿ ಅತ್ಯಂತ ಇಕ್ಕಟ್ಟಿನದು. ತಂದೆಯ ಗದ್ದೆಯಲ್ಲಿ ದುಡಿದು ಬೆಳೆದವನಿಗೆ ಆ ಗದ್ದೆ ಒಂದು ದಿನ ತಂದೆಯ ಅಳಿಯನದಾಗುತ್ತದೆಂದು ಗೊತ್ತು. ಪ್ರಾಯಕ್ಕೆ ಬಂದಂತೆ ಮಾವನ ಮನೆಯಿಂದ ಕರೆ ಬರುತ್ತದೆ, ಅಥವಾ ಬರಬೇಕೆಂಬ ನಿರೀಕ್ಷೆಯಿರುತ್ತದೆ. ಅಲ್ಲಿ ಹೋದರೆ ಅವನು ಹಕ್ಕುದಾರ. ಆದರೆ ಆ ಊರಿನ ತೋಡು, ಗದ್ದೆಬದು, ಒಕ್ಕಲು ಯಾವುದೂ ಪರಿಚಿತವಲ್ಲ. ಮಾವ ಬದುಕಿರುವ ತನಕ ಅವನ ಮಾತೇ ಕೊನೆ. ತಮ್ಮಲೆ ಎಂದು ತುಳುವಿನಲ್ಲಿ ಕರೆಯುವ ಆ ಸೋದರಮಾವನ ಮುಂದೆ ಅಳಿಯ ತಗ್ಗಿ ನಡೆಯಬೇಕು. ಮಾವನಿಗೂ ತನ್ನ ಹೊಟ್ಟೆಯ ಸಂಕಟವುಂಟು: ಕಣ್ಣೆದುರು ಬೆಳೆದ ಸ್ವಂತ ಮಕ್ಕಳಿಗೆ ಏನೂ ಉಳಿಯದು. ಅದರಿಂದಲೇ ಯಜಮಾನರು ಕುಟುಂಬದ ಆದಾಯದಿಂದ ಹೆಂಡತಿ ಮಕ್ಕಳಿಗೆ ನೆಲ ಕೊಳ್ಳುವುದು, ಚಿನ್ನ ಮಾಡಿಸುವುದು, ದಾನಪತ್ರ ಬರೆಯುವುದು. ಅದರಿಂದಲೇ ಅಳಿಯಂದಿರ ಸಂಶಯ, ಜಗಳ, ವ್ಯಾಜ್ಯ. ದಕ್ಷಿಣ ಕನ್ನಡದ ಸಿವಿಲ್ ವ್ಯಾಜ್ಯಗಳ ಒಂದು ದೊಡ್ಡ ಭಾಗ ಈ ಪ್ರೀತಿಯಿಂದ ಹುಟ್ಟಿದ್ದು ಎಂದರೆ ಉತ್ಪ್ರೇಕ್ಷೆಯಾಗದು.

ಸೋದರಮಾವನ ಮಗಳೊಂದಿಗಿನ ಮದುವೆ ಈ ಸಂಕಟಕ್ಕೆ ಸಮಾಜ ಕಂಡುಕೊಂಡ ಉಪಾಯ. ಮಾವನ ಮಗಳು ಅಳಿಯನನ್ನು ವರಿಸಿದರೆ ಅವಳು ಹುಟ್ಟಿ ಬೆಳೆದ ಮನೆಯಲ್ಲೇ, ಈಗ ಹೆಂಡತಿಯಾಗಿ, ಉಳಿಯುತ್ತಾಳೆ. ತಂದೆ ಮುಪ್ಪಿನಲ್ಲಿ ಮಗಳ ಕೈಯ ಅನ್ನ ಉಣ್ಣುತ್ತಾನೆ. ಮಗನಿಗೆ ಕೊಡಲಾಗದ್ದನ್ನು ಮಗಳ ಮೂಲಕ ಒಂದು ತಲೆಮಾರಿನ ಮಟ್ಟಿಗೆ ಅನುಭವಿಸಲು ಕೊಡುವ ದಾರಿಯಿದು. ‘ಅಳಿಯ’ ಎಂಬ ಶಬ್ದದ ಎರಡು ಅರ್ಥಗಳು ಒಬ್ಬನೇ ವ್ಯಕ್ತಿಯಲ್ಲಿ ಸೇರುವುದು ಇಲ್ಲಿಯೇ. ಮಗನ ಪಾಲಿಗೆ ಮಾತ್ರ ಈ ಉಪಾಯದಿಂದ ಏನೂ ದಕ್ಕಲಿಲ್ಲ.

ವಿಧವೆಯ ವಿಚಾರದಲ್ಲಿ ಅಳಿಯಕಟ್ಟಿನ ಮನೆ ಮಕ್ಕಳಕಟ್ಟಿನ ಮನೆಗಿಂತ ತೀರ ಭಿನ್ನ. ಗಂಡ ತೀರಿಕೊಂಡ ಮೇಲೆ ಉತ್ತರಕ್ರಿಯೆ ಮುಗಿಸಿ ಹೆಣ್ಣು ಮಕ್ಕಳೊಡನೆ ತನ್ನ ತಾಯಮನೆಗೆ ಹಿಂತಿರುಗುತ್ತಿದ್ದಳು. ಅದು ಕರುಣೆಯಿಂದ ಕೊಟ್ಟ ಆಶ್ರಯವಲ್ಲ. ಹುಟ್ಟಿನಿಂದಲೇ ಇದ್ದ ಹಕ್ಕು. ಮರುಮದುವೆಗೂ ತಡೆಯಿರಲಿಲ್ಲ. ಬಂಟರಲ್ಲಿ ಕನ್ನೆಯ ಮದುವೆಗೆ ಕೈಧಾರೆಯೆಂದೂ ವಿಧವೆಯ ಮದುವೆಗೆ ಬುಡುಧಾರೆಯೆಂದೂ ಹೆಸರಿದ್ದುದನ್ನು 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನನ ಜಾತಿ ಬುಡಕಟ್ಟುಗಳ ಸಂಪುಟ ದಾಖಲಿಸುತ್ತದೆ. ಅದೇ ಕಾಲದಲ್ಲಿ ಇದೇ ಕರಾವಳಿಯಲ್ಲಿ ಬಾಲವಿಧವೆಯರ ಬವಣೆಯನ್ನು ಕುರಿತು ಕನ್ನಡದಲ್ಲಿ ಸಾಮಾಜಿಕ ಕಾದಂಬರಿ ಹುಟ್ಟುತ್ತಿತ್ತೆಂಬುದನ್ನು ನೆನೆದರೆ ಈ ಭಿನ್ನತೆಯ ತೂಕ ತಿಳಿಯುತ್ತದೆ.

ಆದರೆ ಹಿಂತಿರುಗುವುದು ಸುಲಭವೆಂದು ಭಾವಿಸಬಾರದು. ಹದಿನೈದು ಹದಿನಾರರಲ್ಲಿ ಬಿಟ್ಟುಹೋದ ಮನೆಗೆ ಐವತ್ತೈದರಲ್ಲಿ ಮರಳುವ ಹೆಣ್ಣಿಗೆ ಅಲ್ಲಿ ತನ್ನ ತಾಯಿ ಇರುವುದಿಲ್ಲ. ಅಡುಗೆಮನೆಯಲ್ಲಿ ತಮ್ಮನ ಹೆಂಡತಿ ಇರುತ್ತಾಳೆ. ಹಕ್ಕು ಬಂದವಳದು, ಒಲೆ ಇದ್ದವಳದು. ಮೂವತ್ತು ನಲವತ್ತು ವರ್ಷ ದುಡಿದ ಮನೆಯನ್ನು ಬಿಟ್ಟುಬಂದವಳು, ಇನ್ನೊಂದು ಮನೆಯಲ್ಲಿ ಅಷ್ಟೇ ಕಾಲದಿಂದ ದುಡಿಯುತ್ತಿರುವವಳ ಮುಂದೆ ಹಿರಿಯಳಾಗಿ ನಿಲ್ಲುತ್ತಾಳೆ. ಆ ತಮ್ಮನ ಹೆಂಡತಿಗೂ ಗೊತ್ತು, ತಾನೂ ಒಂದು ದಿನ ಹೀಗೆಯೇ ಹೊರಡಬೇಕು. ಹಿರಿತನದಿಂದ ಯಜಮಾನ್ತಿಯಾಗುವ ಅವಕಾಶ ವಿಧವೆಗೆ ಇದ್ದಿತೆಂಬುದು ನಿಜ. ಆದರೆ ಒಂದೇ ಆಯುಷ್ಯದಲ್ಲಿ ಎರಡು ಬಾರಿ ಮನೆ ಬದಲಿಸುವ ಭಾರವನ್ನು ಹೊತ್ತವಳು ಹೆಣ್ಣೇ. ಗಂಡಸು ಮಾವನ ಮನೆಗೆ ಒಮ್ಮೆ ಬಂದರೆ ಅಲ್ಲೇ ಸಾಯುತ್ತಿದ್ದ. ತಂದೆ ಸತ್ತಾಗ ತಾಯಿಯೊಡನೆ ಹೊರಡುತ್ತಿದ್ದ ಮಕ್ಕಳ ಮಾತು ಇನ್ನೂ ಬೇರೆ: ಅವರು ಬಿಟ್ಟುಹೋಗುತ್ತಿದ್ದುದು ತಾವು ಬಲ್ಲ ಒಂದೇ ಮನೆಯನ್ನು.

ದಾಂಪತ್ಯ ಮುರಿದಾಗ ಹೆಣ್ಣಿಗೆ ಮರಳಲು ಒಂದು ನೆಲೆಯಿತ್ತು ಎಂಬುದಕ್ಕೆ ಉಳ್ಳಾಲದ ರಾಣಿಯರ ಚರಿತ್ರೆಯೇ ಸಾಕ್ಷಿ. ಚೌಟರ ತಿರುಮಲರಾಯ ತನ್ನ ಸೋದರಸೊಸೆ ಅಬ್ಬಕ್ಕನಿಗೆ ಉಳ್ಳಾಲದ ಪಟ್ಟ ಕಟ್ಟಿದನೆಂದೂ, ಆಕೆ ಮಂಗಳೂರಿನ ಬಂಗರಸನನ್ನು ವರಿಸಿ ಕೆಲಕಾಲದ ಮೇಲೆ ಅವನಿಂದ ಬೇರೆಯಾಗಿ ಅವನಿತ್ತ ಒಡವೆಗಳನ್ನು ಹಿಂದಕ್ಕೆ ಕಳುಹಿಸಿದಳೆಂದೂ ಐತಿಹ್ಯ. 1623ರಲ್ಲಿ ಈ ಭಾಗದಲ್ಲಿ ಸಂಚರಿಸಿದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಉಳ್ಳಾಲದ ರಾಣಿಯನ್ನು ಮಣೇಲಿನಲ್ಲಿ ಕಂಡ. ಬರಿಗಾಲಿನಲ್ಲಿ, ಸಾಧಾರಣ ಉಡುಗೆಯಲ್ಲಿ ಹೊಲಗಳ ನಡುವೆ ಕಾಲುವೆ ತೋಡಿಸುವ ಕೆಲಸದ ಮೇಲ್ವಿಚಾರಣೆ ನಡೆಸುತ್ತಿದ್ದ ಆಕೆಯನ್ನು ನೋಡಿ ಅವನು ಬೆರಗಾದ. ಮಾತನಾಡಿಸಿದ ಮೇಲೆ ಆಕೆಯ ಅರಸುತನ ಅವನಿಗೆ ಮನವರಿಕೆಯಾಯಿತು. ಬಂಗರಸನಿಂದ ಆಕೆ ಬೇರೆಯಾದ ಸಂಗತಿಯನ್ನೂ ಅವನು ಬರೆದಿಟ್ಟಿದ್ದಾನೆ. ಅವನು ಕಂಡದ್ದು ಯಾವ ಅಬ್ಬಕ್ಕನನ್ನು ಎಂಬ ಚರ್ಚೆ ಇಲ್ಲಿ ಮುಖ್ಯವಲ್ಲ. ಗಂಡನನ್ನು ಬಿಟ್ಟ ರಾಣಿ ನೆಲ ಕಳೆದುಕೊಳ್ಳಲಿಲ್ಲ ಎಂಬುದು ಮುಖ್ಯ, ಏಕೆಂದರೆ ನೆಲ ಗಂಡನಿಂದ ಬಂದದ್ದಲ್ಲ.

ಅರಸುಮನೆತನಕ್ಕೆ ಹೊರಗಿನ ಹೆಣ್ಣುಗಳ ಪಾಲಿಗೆ ಈ ಪ್ರಶ್ನೆ ಎಷ್ಟು ತೀವ್ರವಾಗಿತ್ತೆಂಬುದನ್ನು ತಿಳಿಯಲು ‘ಸಿರಿ’ ಪಾಡ್ದನಕ್ಕೆ ಹೋಗಬೇಕು. ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಪಾಠವನ್ನು ಫಿನ್ಲೆಂಡಿನ ಲೌರಿ ಹೊಂಕೊ ಅವರು ಬಿ. ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರೊಂದಿಗೆ ದಾಖಲಿಸಿ 1998ರಲ್ಲಿ ಪ್ರಕಟಿಸಿದರು. ಅದರ ಉದ್ದ 15,683 ಸಾಲುಗಳು. ಸತ್ಯನಾಪುರದ ಬೆರ್ಮ ಆಳ್ವನಿಗೆ ಹಿಂದುಮುಂದಿಲ್ಲ. ಮುಪ್ಪಿನಲ್ಲಿ ಅವನಿಗೆ ದೈವಕೃಪೆಯಿಂದ ದೊರೆತ ಮೊಮ್ಮಗಳು ಸಿರಿ. ವೃದ್ಧನೊಬ್ಬನ ಏಕಾಂತದಿಂದ ಕಥೆ ಆರಂಭವಾಗುತ್ತದೆಂಬುದನ್ನು ಗಮನಿಸಬೇಕು: ಹೆಣ್ಣುಸಂತತಿಯಿಲ್ಲದ ಅರಮನೆ ಎಂದರೆ ದೀಪ ಹಚ್ಚುವವರಿಲ್ಲದ ಅರಮನೆ. ಬಸರೂರಿನ ಕಾಂತು ಪೂಂಜನ ಕೈಹಿಡಿದ ಸಿರಿ, ಬಯಕೆಯ ಸೀರೆಯ ಸಂದರ್ಭದಲ್ಲಿ ಗಂಡ ಮಾಡಿದ ಅವಮಾನವನ್ನು ನುಂಗುವುದಿಲ್ಲ. ಅಜ್ಜನ ಮರಣಾನಂತರ ಅರಮನೆಯ ಮೇಲೆ ಜ್ಞಾತಿ ಗಂಡಸರು ಹಕ್ಕು ಹೂಡುತ್ತಾರೆ. ಗಂಡನನ್ನು ಬಿಟ್ಟ ಸಿರಿಗೆ ಅಜ್ಜನ ಮನೆಯೂ ಉಳಿಯುವುದಿಲ್ಲ. ಹಸುಗೂಸಿನೊಡನೆ ಹಾದಿ ಹಿಡಿಯುತ್ತಾಳೆ. ಕಟ್ಟಿನ ಪ್ರಕಾರ ಹೆಣ್ಣಿಗಿದ್ದ ನೆಲೆಯನ್ನು ಗಂಡಸರ ನ್ಯಾಯಪಂಚಾಯಿತಿ ಕಸಿದುಕೊಳ್ಳಬಲ್ಲದೆಂಬ ಕಹಿಯನ್ನು ಈ ಕಾವ್ಯ ಬಲ್ಲದು. ಆದರೂ ಕಥೆ ಮುಂದುವರಿಯುವುದು ಸಿರಿಯ ಮಗಳು ಸೊನ್ನೆ, ಸೊನ್ನೆಯ ಅವಳಿಮಕ್ಕಳು ಅಬ್ಬಗ ದಾರಗ ಎಂಬ ಹೆಣ್ಣುಗಳ ಸಾಲಿನಲ್ಲೇ. ಮಗ ಕುಮಾರ ದೈವವಾಗುತ್ತಾನೆ, ವಂಶವಾಗುವುದಿಲ್ಲ. ಇಂದಿಗೂ ಸಿರಿಜಾತ್ರೆಗಳಲ್ಲಿ ಆವೇಶಗೊಂಡು ಮಾತನಾಡುವ ಹೆಂಗಸರು ಈ ಕಥೆಯ ಪಾತ್ರಗಳಾಗಿಯೇ ತಮ್ಮ ಮನೆಯ ಸಂಕಟವನ್ನು ಹೊರಗೆಡಹುತ್ತಾರೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಮನೆ ಮದರಾಸಿನ ನ್ಯಾಯಾಲಯದ ಮೆಟ್ಟಿಲೇರಿತು. ಹೈಕೋರ್ಟ್ ಸ್ಥಾಪನೆಯಾದ ಮರುವರ್ಷವೇ, 1863ರಲ್ಲಿ, ಮುಂಡ ಚೆಟ್ಟಿ ಮತ್ತು ತಿಮ್ಮಾಜು ಹೆಂಗ್ಸು ಇವರ ನಡುವಿನ ಮೊಕದ್ದಮೆಯಲ್ಲಿ ನ್ಯಾಯಾಧೀಶರು ಅಳಿಯಸಂತಾನ ಕುಟುಂಬದ ಆಸ್ತಿಯನ್ನು ಒಬ್ಬ ಸದಸ್ಯನ ಒತ್ತಾಯದ ಮೇಲೆ ಪಾಲುಮಾಡುವಂತಿಲ್ಲವೆಂದು ತೀರ್ಪಿತ್ತರು. ಅಲ್ಲಿಯವರೆಗೆ ಊರಿನ ಒಪ್ಪಂದ, ಹಿರಿಯರ ಪಂಚಾಯಿತಿಗಳಲ್ಲಿ ಬಗೆಹರಿಯುತ್ತಿದ್ದ ವಿಷಯ ಈಗ ಕಲ್ಲಿನಲ್ಲಿ ಕೊರೆದ ನಿಯಮವಾಯಿತು. ಕುಟುಂಬ ಬೆಳೆದು ನೂರಾರು ಮಂದಿಯಾದರೂ ಎಲ್ಲರ ಸಮ್ಮತಿಯಿಲ್ಲದೆ ಒಡೆಯುವಂತಿಲ್ಲ. ಜನ ಇದಕ್ಕೂ ದಾರಿ ಕಂಡುಕೊಂಡರು: ಪಾಲು ಎನ್ನದೆ, ಅನುಭೋಗದ ಅನುಕೂಲಕ್ಕಾಗಿ ಎಂದು ಬರೆದು ಕವರುಗಳು ಬೇರೆ ಬೇರೆ ಮನೆ ಮಾಡಿಕೊಂಡವು. ಕಾಗದದಲ್ಲಿ ಒಂದು ಕುಟುಂಬ, ನೆಲದ ಮೇಲೆ ಐದು ಒಲೆ. ಅದೇ ದಶಕದಲ್ಲಿ ಸುಬ್ಬು ಹೆಗ್ಗಡೆ ಮತ್ತು ತೊಂಗು ಎಂಬವರ ಮೊಕದ್ದಮೆಯಲ್ಲಿ ಅಳಿಯಕಟ್ಟಿನ ಹೆಂಡತಿಗೆ ಗಂಡನಿಂದ ಜೀವನಾಂಶ ಕೇಳುವ ಹಕ್ಕಿಲ್ಲವೆಂದೂ ನ್ಯಾಯಾಲಯ ಹೇಳಿತು. ತಾಯಮನೆಯಲ್ಲಿ ಹಕ್ಕಿದೆಯಲ್ಲ, ಗಂಡನ ಮೇಲೆ ಭಾರವೇಕೆ ಎಂಬುದು ಈ ವಾದದ ತಿರುಳು. ಗಂಡನ ಮನೆಯಲ್ಲಿ ಬಾಳುವೆ ಸವೆಸಿದ ಹೆಣ್ಣು ಕಾನೂನಿನ ಕಣ್ಣಿಗೆ ಅಲ್ಲಿ ಯಾರೂ ಅಲ್ಲ ಎಂದಾಯಿತು. ವಾಸ ಮತ್ತು ಹಕ್ಕಿನ ನಡುವೆ ಮೊದಲಿದ್ದ ಬಿರುಕನ್ನು ಊರಿನ ನಡವಳಿಕೆ ಮುಚ್ಚಿಕೊಂಡು ಬಂದಿತ್ತು. ತೀರ್ಪುಗಳು ಅದನ್ನು ಬಗೆದು ತೋರಿಸಿದವು.

1949ರ ಕಾಯಿದೆ ಬಂದದ್ದು ಈ ಬಗೆದ ಗಾಯಕ್ಕೆ ಮದ್ದಾಗಿ. ಮದುವೆ, ಜೀವನಾಂಶ, ಪಾಲಕತ್ವ, ಸ್ವಯಾರ್ಜಿತದ ಉತ್ತರಾಧಿಕಾರ, ಯಜಮಾನನ ಹೊಣೆ, ಪಾಲು ಎಲ್ಲವನ್ನೂ ಅದು ನಿಯಮಕ್ಕೆ ಒಳಪಡಿಸಿತು. ಪ್ರಾಪ್ತವಯಸ್ಕರ ಬಹುಮತವಿದ್ದರೆ ಕವರೊಂದು ತನ್ನ ಪಾಲು ಪಡೆದು ಬೇರೆಯಾಗಬಹುದು. ಆದರೆ ಇಲ್ಲಿಯೂ ವಯಸ್ಸಿನ ಗೆರೆಯಿದೆ. ಬೇರೆಯಾಗುವ ಕವರಿಗೂ ಇತರ ಕವರಿಗೂ ಸಮಾನಳಾದ ಮೂಲತಾಯಿ ಬದುಕಿದ್ದು, ಆಕೆಗೆ ಐವತ್ತು ತುಂಬಿಲ್ಲವಾದರೆ, ಆಕೆಯ ಲಿಖಿತ ಒಪ್ಪಿಗೆ ಬೇಕು. ಇಲ್ಲವೇ ಕವರಿನ ಮೂರರಲ್ಲಿ ಎರಡು ಪಾಲು ಪ್ರಾಪ್ತವಯಸ್ಕರು ಒಟ್ಟಾಗಿ ಕೇಳಬೇಕು. ಐವತ್ತು ತುಂಬಿದ ತಾಯಿಯ ಒಪ್ಪಿಗೆ ಬೇಕಿಲ್ಲ. ನಲವತ್ತೊಂಬತ್ತರ ಹೆಣ್ಣಿನ ‘ಬೇಡ’ ಎಂಬ ಮಾತಿಗೆ ಇದ್ದ ಬಲ ಮರುವರ್ಷ ಇಲ್ಲ. ಹಿರಿತನ ಹೆಚ್ಚಿದಂತೆ ಮಾತಿನ ತೂಕ ಹೆಚ್ಚಬೇಕೆಂಬ ಊರಿನ ನಂಬಿಕೆಗೆ ಇದು ನೇರ ವಿರುದ್ಧ. ಕಾನೂನು ಎಣಿಸಿದ್ದು ಹಿರಿತನವನ್ನಲ್ಲ, ಹೆರುವ ಸಾಧ್ಯತೆಯನ್ನು.

ನಿಸ್ಸಂತತಿ ಕವರಿಗೆ ಪಾಲಿನಲ್ಲಿ ಬರುತ್ತಿದ್ದುದು, ಕುಟುಂಬದಲ್ಲಿ ಬೇರೆ ಸಂತತಿ ಕವರು ಇರುವ ತನಕ, ಆಜೀವ ಹಕ್ಕು ಮಾತ್ರ. ಕವರಿನ ಕೊನೆಯ ಸದಸ್ಯ ತೀರಿಕೊಂಡ ಮೇಲೆ ಆಸ್ತಿ ಕುಟುಂಬಕ್ಕೆ, ಕುಟುಂಬ ಒಡೆದಿದ್ದರೆ ಹತ್ತಿರದ ಸಂತತಿ ಕವರಿಗೆ ಮರಳಬೇಕು. ಇದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಹೆಣ್ಣುಮಗಳಿಲ್ಲದ ವೃದ್ಧೆ ತನ್ನ ಪಾಲಿಗೆ ಬಂದ ತೋಟದಲ್ಲಿ ಇರಬಹುದು, ತೆಂಗಿನಕಾಯಿ ಕೀಳಿಸಬಹುದು, ತೋಟ ಆಕೆಯದಲ್ಲ. ಆಕೆಯ ಮಗ ಇಪ್ಪತ್ತೈದರ ತರುಣನಾದರೂ ಅವನಿಗೆ ಅದೇ ಗತಿ. ಅವನ ತಂಗಿಯೊಬ್ಬಳು ಹುಟ್ಟಿ ಉಳಿದಿದ್ದರೆ ಇಡೀ ಚಿತ್ರ ಬೇರೆಯಾಗುತ್ತಿತ್ತು. ಮಗಳು ಹುಟ್ಟಲಿಲ್ಲವೆಂದು ಮನೆಯವರು ಮರುಗುವ ನಾಡು ಭಾರತದಲ್ಲಿ ಹೆಚ್ಚಿಲ್ಲ. ತುಳುನಾಡು ಅಂತಹ ನಾಡು. ಯಾರ ವಯಸ್ಸೆಷ್ಟು, ಪಾಲಿನ ದಿನಕ್ಕೆ ಐವತ್ತು ತುಂಬಿತ್ತೋ ಇಲ್ಲವೋ ಎಂಬ ಪ್ರಶ್ನೆ ಜಾತಕ, ಶಾಲಾ ದಾಖಲೆ, ಸಾಕ್ಷಿಗಳ ನೆನಪು ಎಲ್ಲವನ್ನೂ ನ್ಯಾಯಾಲಯಕ್ಕೆ ಎಳೆದು ತರುವಂಥದಾಯಿತು.

1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ ಏಳನೆಯ ಕಲಮು ಅಳಿಯಸಂತಾನದ ಹೆಸರನ್ನೆತ್ತಿಯೇ ಅದರ ಬೇರನ್ನು ಕತ್ತರಿಸಿತು. ಕುಟುಂಬದ ಅಥವಾ ಕವರಿನ ಆಸ್ತಿಯಲ್ಲಿ ಒಬ್ಬ ವ್ಯಕ್ತಿಗಿರುವ ಹಿತಾಸಕ್ತಿ ಅವನ ಮರಣಾನಂತರ ಕುಟುಂಬದಲ್ಲಿ ಉಳಿಯದೆ, ಉಯಿಲಿನ ಮೂಲಕವೋ ಈ ಅಧಿನಿಯಮದ ಪ್ರಕಾರವೋ ವಾರಸುದಾರರಿಗೆ ಹೋಗತಕ್ಕದ್ದು. ಮೊದಲ ಬಾರಿಗೆ ತಂದೆಯ ಪಾಲು ಮಗನಿಗೆ ಮತ್ತು ಮಗಳಿಗೆ, ಗಂಡನ ಪಾಲು ಹೆಂಡತಿಗೆ ಬಂತು. ಆಜೀವ ಹಕ್ಕಿನ ನಿಸ್ಸಂತತಿ ಕವರಿಗೆ ಇದು ಹೇಗೆ ಅನ್ವಯಿಸುತ್ತದೆ ಎಂಬ ವಾದ ಮೈಸೂರು ಹೈಕೋರ್ಟಿನಿಂದ ಸರ್ವೋಚ್ಚ ನ್ಯಾಯಾಲಯದವರೆಗೆ ನಡೆಯಿತು. ಒಂದು ವ್ಯಂಗ್ಯವನ್ನು ಇಲ್ಲಿ ಹೇಳಲೇಬೇಕು. ಉಳಿದ ಕರ್ನಾಟಕದ ಹೆಣ್ಣುಮಕ್ಕಳಿಗೆ ಅವಿಭಕ್ತ ಕುಟುಂಬದಲ್ಲಿ ಹುಟ್ಟಿನಿಂದ ಹಕ್ಕು ಬಂದದ್ದು 1994ರಲ್ಲಿ ಜಾರಿಯಾದ ರಾಜ್ಯದ ತಿದ್ದುಪಡಿಯಿಂದ; ದೇಶಕ್ಕೆಲ್ಲ ಅದು ವಿಸ್ತರಿಸಿದ್ದು 2005ರಲ್ಲಿ. ತುಳುನಾಡಿನ ಹೆಣ್ಣಿಗೆ ಆ ಹಕ್ಕು ಮೊದಲೇ ಇತ್ತು. ಇಲ್ಲಿ ಕಾನೂನಿನಿಂದ ಹೊಸದಾಗಿ ಹಕ್ಕು ಪಡೆದವನು ಮಗ.

ಕಾನೂನಿಗಿಂತ ಬೇಗ ಮನೆಯನ್ನು ಬದಲಿಸಿದ್ದು ಬದುಕು. ಮುಂಬಯಿಗೆ ಹೋಗಿ ಹೋಟೆಲಿನಲ್ಲಿ ದುಡಿದವನ ಗಳಿಕೆ ಸ್ವಯಾರ್ಜಿತ. ಅದರಲ್ಲಿ ಕಟ್ಟಿದ ಮನೆಯಲ್ಲಿ ಅವನ ಹೆಂಡತಿ ಮಕ್ಕಳೇ ಇರುತ್ತಾರೆ, ಮಾವನೂ ಇಲ್ಲ ಅಳಿಯನೂ ಇಲ್ಲ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಗುತ್ತುಬೀಡುಗಳ ಗೇಣಿ ನೆಲವನ್ನು ಒಕ್ಕಲುಗಳಿಗೆ ಒಪ್ಪಿಸಿತು. ಅದು ನ್ಯಾಯವೇ. ಆದರೆ ಹಿಂತಿರುಗಿ ಬರುವ ವಿಧವೆಗೆ, ಮದುವೆಯಾಗದೆ ಉಳಿದ ಹಿರಿಯರಿಗೆ ಅನ್ನವಿಕ್ಕುತ್ತಿದ್ದ ನೆಲವೂ ಅದೇ ಆಗಿತ್ತು. ಈಗ ಗಂಡ ತೀರಿಕೊಂಡ ಹೆಣ್ಣು ಗಂಡನ ಮನೆಯಲ್ಲೇ, ಅಥವಾ ಮಗನ ಇಲ್ಲವೇ ಮಗಳ ಪಟ್ಟಣದ ಮನೆಯಲ್ಲಿ ಉಳಿಯುತ್ತಾಳೆ. ಮೂಲಮನೆಯ ಚಾವಡಿಯಲ್ಲಿ ಅನೇಕ ಕಡೆ ಒಬ್ಬರೋ ಇಬ್ಬರೋ ವೃದ್ಧರು, ದೈವದ ಮಂಚಕ್ಕೆ ದೀಪ ಹಚ್ಚಿಕೊಂಡು ಇದ್ದಾರೆ.

ನೇಮದ ದಿನ ಮಾತ್ರ ಆ ಮನೆ ತುಂಬುತ್ತದೆ. ಮುಂಬಯಿಯಿಂದ, ಬೆಂಗಳೂರಿನಿಂದ, ಕೊಲ್ಲಿ ದೇಶಗಳಿಂದ ಬಂದವರು ಕವರುವಾರು ವಂತಿಗೆ ಕೂಡಿಸುತ್ತಾರೆ. ದೈವ ನುಡಿ ಕೊಡುವಾಗ ಕರೆಯುವುದು ತಾಯಿಯ ಕಡೆಯಿಂದ ಆ ಮನೆಗೆ ಸೇರಿದವರನ್ನು. ತಂದೆಯ ಹೆಸರಿನ ಮೊದಲಕ್ಷರವನ್ನು ತಮ್ಮ ಹೆಸರಿನ ಹಿಂದೆ ಬರೆದುಕೊಳ್ಳುವ, ತಂದೆಯ ಆಸ್ತಿಯನ್ನೇ ಪಡೆದ ಯುವಕರು ಅಂದು ತಾಯಿಯ ಬರಿಯ ಹೆಸರು ಹೇಳಿ ಪ್ರಸಾದ ತೆಗೆದುಕೊಳ್ಳುತ್ತಾರೆ. ಅವರ ಹೆಂಡತಿಯರು ಪಕ್ಕದಲ್ಲೇ ನಿಂತಿರುತ್ತಾರೆ; ಅವರ ಮೂಲಮನೆ ಬೇರೆ, ಅಲ್ಲಿಯ ನೇಮ ಇನ್ನೊಂದು ದಿನ.